ಬರೆಯಲೊಲ್ಲದ ಪೆನ್ನು

ಮುದಿಯಪ್ಪ ಶವದ ಅಂಗಿಯ ಜೇಬಿಗೆ ಎರಡು ಬೆರಳು ಇಳಿಸಿ ಒಳಗಿದ್ದದ್ದನ್ನು ಒಂದೊಂದಾಗಿ ಹೊರತೆಗೆದ. ಸಾರಿಗೆ ಸಂಸ್ಥೆಯ ಗುರುತಿನ ಚೀಟಿ. ಎದೆಯುರಿಗೆ ನುಂಗುವ ಗುಳಿಗೆಯ ಪಟ್ಟಿ, ಅದರಲ್ಲಿ ಎರಡು ಉಳಿದಿದ್ದವು. ಸಣ್ಣ ಬಾಚಣಿಕೆ. ಕೊನೆಗೆ ಪೆನ್ನಿನ ನೀಲಿ ಟೋಪಿ.

“ಪೆನ್ ಇಲ್ಲಲ್ಲವಾ. ಬರೇ ಟೋಪಿ ಐತಿ,” ಎಂದ.

“ಯಾರಿಗೋ ಕೊಟ್ಟಿರ್ತಾರ ಕಾಕಾ,” ಎಂದಳು ರಂಜಿತಾ.

ಅವನು ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು ಅವಳ ಕಡೆ ಸರಿಸಿದ. ಹೊರಗೆ ಹಂಡೆಯಲ್ಲಿ ನೀರು ಕಾದಿತ್ತು.

ಸತ್ತವನು ಅವಳ ಗಂಡ ಹನಮೇಶ, ಕುಷ್ಟಗಿ ಬಸ್ ನಿಲ್ದಾಣದ ಕಂಟ್ರೋಲರ್. ಬಂದ ಬಸ್ಸಿನ ವೇಳೆ ರಿಜಿಸ್ಟರಿನಲ್ಲಿ ಬರೆಯುವುದು, ಹೊರಡುವ ಬಸ್ಸಿನ ಲಾಗ್ ಶೀಟಿಗೆ ಸಹಿ ಹಾಕಿ ಬಿಡುವುದು ಅವನ ಕೆಲಸ. ಕಂಡಕ್ಟರುಗಳು ಪೆನ್ನು ಕೇಳಿದರೆ ಟೋಪಿ ತೆಗೆದು ತನ್ನ ಜೇಬಿನಲ್ಲಿಟ್ಟುಕೊಂಡು ಬರೀ ಪೆನ್ನು ಕೊಡುತ್ತಿದ್ದ. ಟೋಪಿ ಇಲ್ಲದ ಪೆನ್ನನ್ನು ಯಾರೂ ಮನೆಗೆ ಒಯ್ಯುವುದಿಲ್ಲ ಎಂಬುದು ಅವನ ಲೆಕ್ಕ. ನಿನ್ನೆ ಸಂಜೆ ಇಳಕಲ್ಲಿನ ಬಸ್ಸು ಬಿಟ್ಟ ಮೇಲೆ ರಿಜಿಸ್ಟರಿನ ಮೇಲೆ ತಲೆಯಿಟ್ಟನಂತೆ. ಸುಸ್ತಾಗಿ ಮಲಗಿದ್ದಾನೆಂದು ನಿಲ್ದಾಣದವರು ಹತ್ತು ನಿಮಿಷ ಎಬ್ಬಿಸಲಿಲ್ಲ.

ಮುದಿಯಪ್ಪ ಅವನ ತಂದೆಯ ತಮ್ಮ. ತಂದೆ ತೀರಿದ ಮೇಲೆ ಮನೆಗೆ ಹಿರಿಯ. ರಾತ್ರಿ ಬಸ್ಸಿಲ್ಲವೆಂದು ತಡೆದು, ಇವತ್ತು ಬೆಳಿಗ್ಗೆ ಆರಕ್ಕೆ ರಂಜಿತಾ ಸಾಣಾಪುರಕ್ಕೆ ಫೋನು ಹಚ್ಚಿದಾಗ ಅವನು ಪಕ್ಕದಲ್ಲೇ ನಿಂತಿದ್ದ. ಹನಮೇಶನ ತಾಯಿ ಹುಲಗಮ್ಮ ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿ ಒಂಬತ್ತು ದಿನವಾಗಿತ್ತು.

“ತೀರ್ಕೊಂಡಾನಂತ ಹೇಳಬ್ಯಾಡ,” ಎಂದಿದ್ದ ಮುದಿಯಪ್ಪ. “ಹಾದ್ಯಾಗ ಎದಿ ಒಡಕೋತಾಳ. ಆರಾಮಿಲ್ಲ, ದವಾಖಾನಿಗೆ ಹಾಕೀವಿ ಅನ್ನು. ಅಷ್ಟ ಸಾಕು.”

ಈ ಕಡೆ ಸಾವನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಆ ಸುಳ್ಳನ್ನು ಎಲ್ಲರೂ ಒಮ್ಮೆ ಹೇಳಿರುತ್ತಾರೆ, ಒಮ್ಮೆ ಕೇಳಿರುತ್ತಾರೆ. ರಂಜಿತಾ ಹೇಳಿದಳು.

“ಹೌದಾ? ಎದಿ ಉರೀತೈತಿ ಅಂತಿದ್ದ, ನಾ ಹೇಳಿದ್ರ ಕೇಳಿಲ್ಲ,” ಎಂದಿತು ಆ ಕಡೆಯ ದನಿ. “ಅಂಜಬ್ಯಾಡ, ಏಳರ ಬಸ್ಸಿಗೆ ಬರ್ತೀನಿ. ನೀ ಏನರ ಉಂಡ್ಯೋ ಇಲ್ಲೋ?”

“ಉಂಡೀನಿ ಅತ್ತಿ.”

ಗಂಗಾವತಿ, ಕನಕಗಿರಿ, ತಾವರಗೇರಾ ದಾಟಿ ಬಂದರೂ ಹನ್ನೊಂದಕ್ಕೆ ಕುಷ್ಟಗಿ ಮುಟ್ಟಬೇಕು. ಮಧ್ಯಾಹ್ನ ಮೂರೂ ಹತ್ತಕ್ಕೆ ಅಮಾವಾಸ್ಯೆ ಹಿಡಿಯುತ್ತಿತ್ತು. ಅದರೊಳಗೆ ಮಣ್ಣು ಆಗಬೇಕೆಂದು ಮುದಿಯಪ್ಪ ಎಲ್ಲರಿಗೂ ತಿಳಿಸಿದ್ದ. ತಾಯಿ ಬಂದು ಮುಖ ನೋಡುವುದಕ್ಕೆ ಬೇಕಾದಷ್ಟು ವೇಳೆ ಇದೆಯೆಂದೇ ಎಲ್ಲರೂ ಅಂದುಕೊಂಡಿದ್ದರು.

*

ಏಳು ವರ್ಷದ ಹಿಂದೆ ರಂಜಿತಾ ಕೊಪ್ಪಳದಲ್ಲಿ ಎಂ.ಎ. ಓದುತ್ತಿದ್ದಳು. ಅವಳ ಊರಿನ ಟಂಟಂ ಆಟೋ ಕುಷ್ಟಗಿ ಮುಟ್ಟುವುದು ಎಂಟೂ ಹತ್ತಕ್ಕೆ. ಕೊಪ್ಪಳದ ಬಸ್ಸು ಹೊರಡುವುದೂ ಎಂಟೂ ಹತ್ತಕ್ಕೆ. ಅದು ತಪ್ಪಿದರೆ ಮೊದಲ ಎರಡು ಪಾಠ ಹೋದಂತೆ. ಚೀಲವನ್ನು ಎದೆಗೆ ಅವುಚಿಕೊಂಡು ಗೇಟಿನಿಂದ ಓಡುತ್ತಿದ್ದಳು. ಬಸ್ಸು ಗುರುಗುಟ್ಟುತ್ತ ನಿಂತೇ ಇರುತ್ತಿತ್ತು.

ಕಂಟ್ರೋಲರ್ ಕಿಟಕಿಯಲ್ಲಿ ತೆಳ್ಳಗಿನ ಒಬ್ಬನು ಪೆನ್ನು ಝಾಡಿಸುತ್ತಿರುತ್ತಿದ್ದ. ಬಿಳಿ ಮೈಯ, ನೀಲಿ ಟೋಪಿಯ, ಎಲ್ಲ ಅಂಗಡಿಯಲ್ಲೂ ಸಿಗುವ ಪೆನ್ನು. ಅದರ ಮುಳ್ಳಿಗೆ ಬಾಯಿಂದ ಹಬೆ ಊದುವನು, ಚಪ್ಪಲಿಯ ಅಟ್ಟೆಗೆ ತಿಕ್ಕುವನು, ಅಂಗೈ ಮೇಲೆ ಗೀಚುವನು. “ಸಾಹೇಬ್ರ, ಆ ಪೆನ್ ಒಗದು ಬ್ಯಾರೆ ತಗೋರಿ!” ಎಂದು ಡ್ರೈವರ್ ಕೂಗುವನು. ರಂಜಿತಾ ಮೆಟ್ಟಿಲ ಮೇಲೆ ಕಾಲಿಡುವ ಹೊತ್ತಿಗೆ ಸರಿಯಾಗಿ ಪೆನ್ನು ಬರೆಯುತ್ತಿತ್ತು.

ತನ್ನ ಅದೃಷ್ಟ ಎಂದುಕೊಂಡಿದ್ದಳು. ಎರಡನೆಯ ವರ್ಷ, ಪರೀಕ್ಷೆ ಮುಗಿಯುವ ಮುಂಚೆ, ಕೊಪ್ಪಳದ ಅಂಗಡಿಯೊಂದರಲ್ಲಿ ಉಕ್ಕಿನ ಪೆನ್ನು ಕೊಂಡು, ಡಬ್ಬಿಯ ಸಮೇತ ಕಿಟಕಿಯಲ್ಲಿ ಕೊಟ್ಟಳು.

“ಇದು ತಗೋರಿ. ಆ ಪೆನ್ನಿನ ಸಲುವಾಗಿ ದಿನಾ ಬೈಸ್ಕೋತೀರಿ.”

ಅವನ ಕಿವಿ ಕೆಂಪಾಯಿತು. ಡಬ್ಬಿ ತೆರೆದು ನೋಡಿ ಮುಚ್ಚಿದ. ಮರುದಿನ ಕಿಟಕಿಯಲ್ಲಿ ಅದೇ ಬಿಳಿ ಪೆನ್ನು, ಅದೇ ಝಾಡಿಸುವಿಕೆ.

ಅವನ ಕಡೆಯವರು ಹೆಣ್ಣು ಕೇಳಲು ಬಂದದ್ದು ಅದಾಗಿ ಎರಡು ವರ್ಷಕ್ಕೆ. ಮದುವೆಯ ಮಾರನೆಯ ವಾರ ಟ್ರಂಕಿನಲ್ಲಿ, ಅವನ ಮಾರ್ಕ್ಸ್ ಕಾರ್ಡುಗಳ ಕೆಳಗೆ, ಆ ಡಬ್ಬಿ ಅವಳಿಗೆ ಸಿಕ್ಕಿತು. ಪೆನ್ನಿನ ತುದಿಗೆ ಅಂಟಿಸಿದ್ದ ಮೇಣದ ಹನಿ ಹಾಗೇ ಇತ್ತು.

“ಇದನ್ಯಾಕ ಒಮ್ಮಿನೂ ಬಳಸಿಲ್ಲ?”

“ಅದು ಭಾಳ ಛಲೋ ಬರೀತೈತಿ,” ಎಂದು ಅವನು ಬೇರೆ ಕಡೆ ನೋಡಿದ.

ಒಳ್ಳೆಯದನ್ನು ಮುಟ್ಟಲು ಅಂಜುವ ಮನುಷ್ಯ ಎಂದು ಅವಳಿಗೆ ಬೇಸರವಾಯಿತು. ಮತ್ತೆ ಕೇಳಲಿಲ್ಲ.

*

ಮೈ ತೊಳೆದು, ಹೊಸ ಧೋತರ ಉಡಿಸಿ, ಹನಮೇಶನನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಗಲ್ಲಕ್ಕೆ ಕಟ್ಟಿದ ಬಟ್ಟೆಯಿಂದಾಗಿ ಹಲ್ಲುನೋವು ಬಂದವನ ಹಾಗೆ ಕಾಣುತ್ತಿದ್ದ. ರಂಜಿತಾ ಪಕ್ಕದಲ್ಲಿ ಕುಳಿತಿದ್ದಳು. ಬಂದ ಹೆಂಗಸರು ಅವಳನ್ನು ತಬ್ಬಿ ಅತ್ತು, ಅವಳು ಅಳದಿರುವುದನ್ನು ನೋಡಿ ಹಿಂದೆ ಸರಿದು ಕೂರುತ್ತಿದ್ದರು.

“ಗೊಂಬಿಗತೆ ಕುಂತಾಳ ನೋಡ.”

“ಕಲ್ತಾಕಿ ಅಲ್ಲೇನ. ಅವರದು ಒಳಗ ಇರ್ತೈತಿ.”

“ಒಳಗಿದ್ರ ನಮಗ ಹೆಂಗ ತಿಳೀಬೇಕಬೇ?”

ಕಟ್ಟೆಯ ಕೆಳಗೆ ಪೆಂಡಾಲಿನ ನೆರಳಲ್ಲಿ ಬಸ್ಸಿನವರ ಕುರ್ಚಿಗಳು. ಪ್ರಭುರಾಜ ಎಂಬ ಕಂಡಕ್ಟರ್, ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗಿರಲಿಲ್ಲ, ಕೈಯಲ್ಲೊಂದು ಬಿಳಿ ಪೆನ್ನು ಹಿಡಿದು ಒದ್ದಾಡುತ್ತಿದ್ದ. ಅವನ ಖಾಕಿ ಅಂಗಿಯ ಎಡಗಡೆ ಅಂಗೈಯಗಲ ನೀಲಿ ಹರಡಿತ್ತು.

“ಇದನ್ನ ಯಾರಿಗಿ ಕೊಡ್ಲಿ ಚಾಚಾ? ನಿನ್ನಿ ಸಂಜೀಕ ಸಹಿ ಮಾಡ್ಸಿ ಮರತು ಕಿಸೇದಾಗ ಇಟ್ಕೊಂಡು ಹೋದೆ. ಹನಮಸಾಗರಕ್ಕ ಹೋಗಿ ಹೊಳ್ಳಿ ಬರೂದ್ರಾಗ ಹಿಂಗಾತು.”

“ಟೋಪಿ ಇಲ್ದ ಪೆನ್ ಕಿಸೇದಾಗ ಇಟ್ಕೊಂಡ್ಯಾ?” ಎಂದ ಮೌಲಾಹುಸೇನ. ಇಪ್ಪತ್ತೆಂಟು ವರ್ಷ ಕಂಡಕ್ಟರಿಕೆ ಮಾಡಿ ನಿವೃತ್ತನಾದವನು. “ನೋಡು, ಎದಿ ಮ್ಯಾಲ ತುಂಗಭದ್ರಾ ಹರದೈತಿ.”

“ಹೊಳ್ಳಿ ಕೊಟ್ಟು ಏನ ಮಾಡ್ತಿ?” ಡ್ರೈವರ್ ಆಂಜನೇಯ ಕುರ್ಚಿ ಎಳೆದುಕೊಂಡ. “ಅದು ಬರಿಯೂ ಪೆನ್ನ ಅಲ್ಲ. ನಾಕ ವರ್ಷ ಕೊಪ್ಪಳ ಗಾಡಿ ಹೊಡದೀನಿ, ನನ್ನ ಕೇಳು. ಎಂಟೂ ಹತ್ತಕ್ಕ ಚಾಲೂ ಮಾಡಿ ಕುಂತ್ರ ಈ ಪುಣ್ಯಾತ್ಮ ಝಾಡಸ್ಕೋತ ನಿಂತಿರ್ತಿದ್ದ.”

“ಪೆನ್ನಿಗೆ ಅನ್ನಬ್ಯಾಡ, ಆಂಜನೇಯ. ಮೂರು ರೂಪಾಯಿ ಇದ್ದಾಗಿಂದ ನಾ ಇದರಾಗ ಬರದೀನಿ. ತಾವರಗೇರಿ ರೋಡಿನ್ಯಾಗ ಒಂದು ಕೈಲೆ ಕಂಬಿ ಹಿಡಕೊಂಡು, ಕಿಡಕ್ಯಾಗ ಮಳಿ ಹೊಡೀತಿದ್ರೂ ಬರದೈತಿ. ಕಾರ್ಬನ್ ಇಟ್ಟು ಒತ್ತಿದ್ರ ಮೂರನೇ ಹಾಳಿಗೂ ಮೂಡ್ತಿತ್ತು. ನಿಮ್ಮ ಜೆಲ್ ಪೆನ್ ಹಂಗ ಒತ್ತು ನೋಡೂಣು, ಮುಳ್ಳ ಒಳಗ ಹೋಗ್ತೈತಿ.”

“ನಮಗೆಲ್ಲಿ ಬರಿಯೂದೈತಿ ಚಾಚಾ, ಟಿಕೀಟ್ ಮಿಷನ್ ಒತ್ತೂದು,” ಎಂದ ಪ್ರಭುರಾಜ.

“ಬ್ಯಾಸಗ್ಯಾಗ ಸೋರ್ತೈತಲ್ಲ, ಅದಕ್ಕೇನಂತಿ?” ಆಂಜನೇಯ ಬಿಡಲಿಲ್ಲ.

“ಸೋರ್ತೈತಿ. ಬ್ಯಾಸಗ್ಯಾಗ ನೀ ಸೋರಂಗಿಲ್ಲೇನು? ಟೋಪಿ ಕಡ್ಡಿನೂ ಮುರಿತೈತಿ, ಅದೂ ಖರೆ. ಮದಲಿನವು ಒಂದೀಟು ತೂಕ ಇದ್ವು, ಈಗಿನವು ಹಗೂರ. ಆದ್ರ ನಡುವ ಬರೀಲಿಲ್ಲ ಅನ್ನೂ ಮಾತಿಲ್ಲ. ರಿಫಿಲ್ ಇರೂತನ ಬರೀತೈತಿ.”

“ಮತ್ತ ಹನಮೇಶನ ಕೈಯಾಗ ಯಾಕ ಬರೀತಿದ್ದಿಲ್ಲ?”

ಮೌಲಾಹುಸೇನ ಪ್ರಭುರಾಜನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಅಂಗೈ ಮೇಲೆ ಒಂದು ಗೆರೆ ಎಳೆದ. ರಾತ್ರಿಯೆಲ್ಲ ಬರಿಮೈಯಲ್ಲಿದ್ದ ಪೆನ್ನು ಮೊದಲ ಎಳೆತಕ್ಕೇ ಬರೆಯಿತು. ಅಂಗೈಯನ್ನು ಆಂಜನೇಯನಿಗೆ ತೋರಿಸಿದ.

“ಬರೀತಿತ್ತು. ಗೇಟಿನ್ಯಾಗ ಯಾರರ ಓಡಿ ಬರಾಕತ್ತಿದ್ರ ಅಷ್ಟ ಬರೀತಿದ್ದಿಲ್ಲ. ಮುದುಕ್ಯಾರು, ಬಸರ್ಯಾರು, ಸಾಲಿ ಹುಡ್ರು. ಒಮ್ಮಿ ನಾನ ಹಿಡದು ಕೇಳಿದೆ. ಏನಂದ ಗೊತ್ತೇನು? ‘ಗಾಡಿ ನಿಂದ್ರಸು ಅಂದ್ರ ಡ್ರೈವರ್ ನನ್ನ ಕೂಡ ಜಗಳಾ ತಗೀತಾನ ಚಾಚಾ. ಪೆನ್ ಬರೀವಲ್ದು ಅಂದ್ರ ಪೆನ್ನಿಗೆ ಬೈತಾನ.’”



“ನಾ ಪೆನ್ನಿಗೆ ಬೈತಿದ್ದಿಲ್ಲ,” ಎಂದ ಆಂಜನೇಯ. “ಅವಂಗ ಬೈತಿದ್ದೆ. ಅವ್ವ ಅಪ್ಪಗ ಹಚ್ಚಿ.”

“ಎಂಟೂ ಹತ್ತರ ಗಾಡಿಗೆ ದಿನಾ ಯಾರು ಓಡಿ ಬರ್ತಿದ್ರು?” ಎಂದು ಕೇಳಿದ ಪ್ರಭುರಾಜ.

ಮೌಲಾಹುಸೇನ ಕಟ್ಟೆಯ ಕಡೆ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದ. ಅಲ್ಲಿಯವರೆಗಿನ ಮಾತೆಲ್ಲ ರಂಜಿತಾಳಿಗೆ ಕೇಳಿತ್ತು. ಅವಳು ತಟ್ಟೆಯಲ್ಲಿದ್ದ ಟೋಪಿ ಎತ್ತಿ ಕೈ ಚಾಚಿದಳು. ಮೌಲಾಹುಸೇನ ಎದ್ದು ಬಂದು ಪೆನ್ನಿಗೆ ಟೋಪಿ ಹಾಕಿ, ಟಕ್ಕೆನ್ನುವ ತನಕ ಒತ್ತಿ, ಅವಳ ಕೈಯಲ್ಲಿಟ್ಟ.

ಭಾಳ ಛಲೋ ಬರೀತೈತಿ, ಎಂದಿದ್ದ ಹನಮೇಶ ಉಕ್ಕಿನ ಪೆನ್ನಿಗೆ. ಅದರಲ್ಲಿ ಸುಳ್ಳಿರಲಿಲ್ಲ. ಅವಳೇ ಇನ್ನೊಂದು ಮಾತು ಕೇಳಬೇಕಿತ್ತು. ಮೂರು ವರ್ಷವಿತ್ತು ಕೇಳುವುದಕ್ಕೆ.

*

ಹನ್ನೆರಡೂವರೆಯಾದರೂ ಹುಲಗಮ್ಮ ಬರಲಿಲ್ಲ. ರಂಜಿತಾ ಒಳಗೆ ಹೋಗಿ ಸಾಣಾಪುರಕ್ಕೆ ಫೋನು ಹಚ್ಚಿದಳು.

“ಅವ್ವ ಏಳಕ್ಕ ಹೋದ್ಲಲ್ಲ ವೈನಿ,” ಎಂದಳು ನಾದಿನಿ. “ಕಾರ್ ಮಾಡಿ ಕಳಸ್ತೀವಿ ಅಂದ್ರ, ಪುಕ್ಕಟೆ ಬಸ್ ಇರೂವಾಗ ಕಾರ್ ಯಾಕ ಅಂತ ಜಗಳಾ ತಗದ್ಲು. ಇನ್ನಾ ಮುಟ್ಟಿಲ್ಲೇನು? ಅಣ್ಣ ಹೆಂಗದಾನ?”

ಹಿಂದೆ ಕೂಸು ಅಳುತ್ತಿತ್ತು. ಬಾಣಂತಿಗೂ ಹೇಳಬಾರದೆಂದು ಮುದಿಯಪ್ಪ ಹೇಳಿದ್ದ.

“ಆಮ್ಯಾಲ ಮಾಡ್ತೀನವಾ,” ಎಂದು ಫೋನು ಇಟ್ಟಳು.

ಹೊರಗೆ ಬಂದು ಹೇಳಿದಾಗ ಪ್ರಭುರಾಜ ಎದ್ದು ನಿಂತ. “ಕನಕಗಿರಿ ಮ್ಯಾಲಿಂದ ಮೂರು ಗಾಡಿ ಬಂದು ಹೋದ್ವಲ್ರಿ. ನೀವು ಅವರಿಗೆ ಏನಂತ ಹೇಳಿದ್ರಿ ಅಕ್ಕಾರ?”

“ಆರಾಮಿಲ್ಲ, ದವಾಖಾನಿಗೆ ಹಾಕೀವಿ ಅಂದೆ.”

“ಯಾವ ದವಾಖಾನಿ ಅಂದ್ರಿ?”

ರಂಜಿತಾ ಯಾವುದೂ ಹೇಳಿರಲಿಲ್ಲ. ಹುಲಗಮ್ಮನಿಗೆ ಗೊತ್ತಿದ್ದದ್ದು ಒಂದೇ ದವಾಖಾನೆ, ಕೊಪ್ಪಳದ್ದು. ಎಂಟು ವರ್ಷದ ಹಿಂದೆ ಅವಳ ಗಂಡ ಅಲ್ಲಿ ಹನ್ನೊಂದು ದಿನ ಇದ್ದು, ನಡೆದುಕೊಂಡೇ ಮನೆಗೆ ಬಂದಿದ್ದ. ಗಂಗಾವತಿಯಲ್ಲಿ ಅವಳು ಕುಷ್ಟಗಿ ಬಸ್ಸು ಹತ್ತಿಲ್ಲ. ಕೊಪ್ಪಳದ್ದು ಹತ್ತಿದ್ದಾಳೆ. ಅವಳ ಹತ್ತಿರ ಫೋನಿಲ್ಲ. ಓದಲು ಬರುವುದಿಲ್ಲ.

“ಕೊಪ್ಪಳ ದವಾಖಾನ್ಯಾಗ ಹುಡುಕಾಕತ್ತಾರ,” ಎಂದಳು ರಂಜಿತಾ.

ಪ್ರಭುರಾಜ ಆಗಲೇ ಫೋನು ಕಿವಿಗೆ ಹಿಡಿದಿದ್ದ. ಕೊಪ್ಪಳದ ನಿಲ್ದಾಣದಲ್ಲಿ ಶಾಯಿಸ್ತಾ ಎಂಬ ಕಂಡಕ್ಟರಮ್ಮ ಕುಷ್ಟಗಿ ಬಸ್ಸಿನ ಸರದಿಗೆ ಕಾಯುತ್ತಿದ್ದಳು. ಆಟೋ ಹಿಡಿದು ಅವಳೇ ದವಾಖಾನೆಗೆ ಹೋದಳು. ಒಂದು ಗಂಟೆ ನಲವತ್ತಕ್ಕೆ ಅವಳ ದನಿ ಪ್ರಭುರಾಜನ ಫೋನಿನಲ್ಲಿ ಎಲ್ಲರಿಗೂ ಕೇಳುವಂತೆ ಬಂತು.

“ಸಿಕ್ಕಾರ. ಗಂಡಸರ ವಾರ್ಡಿನ ಮುಂದ ಕುಂತಿದ್ರು. ಎಲ್ಲಾ ಮಂಚ ನೋಡಿ ಬಂದಾರಂತ ಪಾಪ. ಮಗ ಎಲ್ಲದಾನ ಅಂತ ಕೇಳಾಕತ್ತಾರ. ನಾ ಏನ ಹೇಳ್ಲಿ?”

ಎಲ್ಲರೂ ಮುದಿಯಪ್ಪನನ್ನು ನೋಡಿದರು. ಅವನು ರಂಜಿತಾಳನ್ನು ನೋಡಿದ.

“ಮನಿಗೆ ಕರಕೊಂಡು ಬಂದಾರ ಅನ್ರಿ,” ಎಂದಳು ಅವಳು.

ಅದು ನಿಜವೂ ಆಗಿತ್ತು.

“ಬಿಡೂ ವ್ಯಾಳ್ಯಾ ಆಗೇತಲ್ಲ, ಗಾಡಿ ಐತೇನು?” ಎಂದು ಮೌಲಾಹುಸೇನ ಫೋನಿನ ಹತ್ತಿರ ಬಾಗಿ ಕೇಳಿದ.

“ಐತಿ ಚಾಚಾ. ಇಲ್ಲಿ ಕಂಟ್ರೋಲರ್ ಹಿಡಕೊಂಡು ನಿಂತಾರ. ಪೆನ್ ಬರೀವಲ್ದಂತ.”

ಆಂಜನೇಯ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸುತ್ತಲೇ ಇದ್ದ.

*

ಎರಡೂವರೆಗೆ ಮುದಿಯಪ್ಪ ಎದ್ದ. “ಇನ್ನ ಎತ್ತೂಣು.”

“ಅತ್ತಿ ಬರಾಕತ್ತಾರ,” ಎಂದಳು ರಂಜಿತಾ.

“ಮೂರೂವರಿ ಆಗ್ತೈತವಾ ಗಾಡಿ ಬರೂದು. ಅಮಾಸಿ ಹಿಡಿತೈತಿ. ಅಮಾಸ್ಯಾಗ ಮಣ್ಣ ಕೊಟ್ರ ಮನಿಗೆ ಛಲೋ ಅಲ್ಲ, ಅಲ್ಲೊಂದು ಹಸುಗೂಸು ಐತಿ ನೆನಪಿಡು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಆಕಿ ನನಗ ವೈನಿ ಆಗಬೇಕು. ನನಗ ಸಂಕಟ ಇಲ್ಲೇನು? ಮಣ್ಣ ಹಾಕಿದ ಜಾಗ ತೋರ್ಸೂಣು. ಏ, ಬರ್ರಲೇ ನಾಕ ಮಂದಿ.”

ನಾಲ್ಕು ಜನ ಕಟ್ಟೆ ಹತ್ತಿದರು. ರಂಜಿತಾ ಎದ್ದು ಹನಮೇಶನ ಮುಂದೆ ನಿಂತಳು. ಬೆಳಿಗ್ಗೆಯಿಂದ ಅವಳು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

“ಎತ್ತಬ್ಯಾಡ್ರಿ.”

“ಹುಡುಗಿ, ಬಾಜೂಕ ಸರಿ.”

“ಗುರುತಿಲ್ದವರ ಸಲುವಾಗಿ ದಿನಾ ಗಾಡಿ ನಿಂದ್ರಿಸ್ಯಾರ ಕಾಕಾ. ಹಡದಾಕಿ ಸಲುವಾಗಿ ಒಂದು ತಾಸು ನಿಂದ್ರಲಿ.”

“ನಾಳೆ ಏನರ ಹೆಚ್ಚುಕಡಿಮಿ ಆದ್ರ ಹೊಣಿ ಯಾರು?”

“ನಾನು.”

ಮುದಿಯಪ್ಪ ಅವಳನ್ನು ನೋಡಿದ. ಮೌಲಾಹುಸೇನ ಕಟ್ಟೆ ಹತ್ತಿ ಬಂದು ಅವಳಿಂದ ಎರಡು ಮಾರು ದೂರದಲ್ಲಿ ನಿಂತ. ಆಮೇಲೆ ಆಂಜನೇಯ ಬಂದ. ಎತ್ತಲು ಬಂದ ನಾಲ್ವರಲ್ಲಿ ಒಬ್ಬ ಕೆಳಗಿಳಿದು ಕುರ್ಚಿಯಲ್ಲಿ ಕುಳಿತ, ಉಳಿದವರೂ ಇಳಿದರು.

ಮುದಿಯಪ್ಪ ಮೆಟ್ಟಿಲ ಮೇಲೆ ಕುಳಿತು ಮೊಬೈಲು ನೋಡತೊಡಗಿದ. ಮೂರೂ ಹತ್ತಾದಾಗ ಅದನ್ನು ಬೋರಲು ಹಾಕಿ ಪಕ್ಕಕ್ಕಿಟ್ಟ.

“ಭಜನಿಯವರಿಗೆ ಹೇಳ್ರಿ, ಚಾಲೂ ಮಾಡ್ಲಿ,” ಎಂದ ಯಾರಿಗೋ. “ಸುಮ್ನ ಕುಂತು ಏನ ಮಾಡೂದು.” ಹೆಣ ಎತ್ತುವ ತನಕ ಸಾವಿನ ಮನೆಯಲ್ಲಿ ಭಜನೆ ಮಾಡುವುದು ಈ ಕಡೆಯ ರೂಢಿ.

ಮೂರೂ ಇಪ್ಪತ್ತಕ್ಕೆ ಶಾಯಿಸ್ತಾಳ ಫೋನು ಬಂತು. ಬಸ್ಸನ್ನು ನಿಲ್ದಾಣಕ್ಕೆ ಒಯ್ಯದೆ ಓಣಿಯ ತಿರುವಿಗೆ ತರುತ್ತಿದ್ದಾರೆ. ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಾಗಿದೆ, ಆದರೆ ಹಾದಿಯಲ್ಲಿ ಹುಲಗಮ್ಮನಿಗೆ ಯಾರೂ ಏನೂ ಹೇಳಿಲ್ಲ. ರಂಜಿತಾ ಕಟ್ಟೆ ಇಳಿದಳು.

“ಎಲ್ಲಿಗಬೇ? ಹೆಣದ ಮುಂದಿಂದ ಎದ್ದು ಹೆಂಡ್ತಿ ರಸ್ತೇಕ ಹೋಗ್ತಾಳೇನು?” ಎಂದಳು ಒಬ್ಬ ಮುದುಕಿ.

“ಸುಳ್ಳು ಹೇಳಿದಾಕಿ ನಾನು ಆಯಿ.”

ಅವಳ ಹಿಂದೆ ಯಾರೂ ಹೋಗಲಿಲ್ಲ. ತಿರುವಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಇಂಜಿನ್ ಆರಿಸಿದ. ಬಸ್ಸು ತುಂಬ ಜನವಿದ್ದರು, ಕುಳಿತವರು ಕುಳಿತೇ ಇದ್ದರು. ಶಾಯಿಸ್ತಾ ಮೊದಲು ಇಳಿದು ಬಾಗಿಲು ಹಿಡಿದು ನಿಂತಳು, ರಂಜಿತಾಳ ಮುಖ ನೋಡಲಿಲ್ಲ. ಆಮೇಲೆ ಹುಲಗಮ್ಮ ಇಳಿದಳು. ಒಂದು ಕೈಯಲ್ಲಿ ಎಳನೀರು, ಇನ್ನೊಂದರಲ್ಲಿ ಮಡಚಿದ ಕಾಗದ. ಬೆವರಿದ್ದಳು, ನಗುತ್ತಿದ್ದಳು.

“ಈ ಬಿಸಲಾಗ ನೀ ಯಾಕ ಬಂದಿ? ಅಂವಾ ಒಬ್ಬನ ಅದಾನೇನು ಮನ್ಯಾಗ? ಬಿಟ್ಟು ಕಳಿಸ್ಯಾರಂದ್ರ ಅಂಥಾದ್ದೇನ ಇದ್ದಿಲ್ಲ ಬಿಡು. ನಾ ಒಂದು, ಎಲ್ಲಾ ಮಂಚ ಹುಡಿಕೀನಿ. ಮಂದಿ ಮಕ್ಕಳ ಮುಸುಕು ತಗದು ತಗದು ನೋಡೀನಿ, ಒಬ್ಬಾಂವ ಬೈದ.” ಕಾಗದವನ್ನು ಸೊಸೆಯ ಕೈಗಿಟ್ಟಳು. “ಚೀಟಿ ಬ್ಯಾರೆ ಮಾಡ್ಸಿದ್ದೆ. ವಯಸ್ಸ ಕೇಳಿದ್ರು, ಮೂವತ್ತಾರೋ ಮೂವತ್ತೇಳೋ ನೆನಪಾಗಲಿಲ್ಲ. ಇಟ್ಕೊ, ಇನ್ನೊಮ್ಮೆ ತೋರ್ಸಾಕ ಹೋದ್ರ ಬೇಕಾಗ್ತೈತಿ.”

ರಂಜಿತಾ ಚೀಟಿ ಬಿಚ್ಚಿದಳು. ನೀಲಿ ಅಕ್ಷರ. ಹನಮೇಶ. ಗಂಡು. ಮೂವತ್ತಾರು. ಎದೆ ಉರಿ. ಅದನ್ನು ಎಡಗೈಯಲ್ಲಿ ಮಡಚಿ ಹಿಡಿದು, ಬಲಗೈಯಿಂದ ಅತ್ತೆಯ ಮುಂಗೈ ಹಿಡಿದಳು.

ಓಣಿಯೊಳಗಿಂದ ತಾಳದ ಸದ್ದು ಬಂತು. ಹುಲಗಮ್ಮ ಕಿವಿಗೊಟ್ಟಳು. ಮುಖದ ಮೇಲೆ ನಗು ಇನ್ನೂ ಇತ್ತು.

“ಯಾರ ಮನ್ಯಾಗ ಭಜನಿ?”

ರಂಜಿತಾಳ ಹಿಡಿತ ಬಿಗಿಯಾಯಿತು.

“ನಮ್ಮ ಮನ್ಯಾಗ, ಅತ್ತಿ.”

ಬಸ್ಸಿನೊಳಗೆ ಕುಳಿತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಕಿಟಕಿಗಳಲ್ಲಿ ಕಾಣುತ್ತಿದ್ದ ಮುಖಗಳು ಮೇಲೇರಿ ಮರೆಯಾಗಿ, ಸೆರಗುಗಳು, ಅಂಗಿಯ ಗುಂಡಿಗಳು, ಕಂಬಿ ಹಿಡಿದ ಕೈಗಳಷ್ಟೇ ಉಳಿದವು.